ಅಮೋಘವರ್ಷನ ಗುರು ಜಿನಸೇನ

ಯಡ್ರಾಮಿ, ಜೇವರ್ಗಿಗಳ ಕಡೆಯಿಂದ ಭೀಮೆಯನ್ನು ದಾಟಿ ಕಲಬುರಗಿಗೆ ಬಂದು, ಅಲ್ಲಿಂದ ಮೂಡಲಿಗೆ ಸೇಡಂ ದಾರಿಯನ್ನು ಹಿಡಿದವರಿಗೆ ಕಾಗಿಣಾ ನದಿಯ ದಡದಲ್ಲಿ ಮಳಖೇಡ ಎದುರಾಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟವಿದು. ಕ್ರಿ.ಶ. 814ರಿಂದ 878ರವರೆಗೆ ರಾಜ್ಯವಾಳಿದ ಅಮೋಘವರ್ಷ ನೃಪತುಂಗನ ಹೆಸರನ್ನು ‘ಕವಿರಾಜಮಾರ್ಗ’ದ ನಿಮಿತ್ತ ನಾವೆಲ್ಲರೂ ಬಲ್ಲೆವು. ಆ ಅರಸನು ಯಾರ ಪಾದಕ್ಕೆರಗಿ ತನ್ನನ್ನು ಪವಿತ್ರನೆಂದು ಭಾವಿಸಿದನೋ ಆ ಆಚಾರ್ಯ ಜಿನಸೇನರ ಹೆಸರು ಮಾತ್ರ ಪಂಡಿತರ ನಾಲಗೆಯ ಮೇಲಷ್ಟೆ ಉಳಿದಿದೆ.

ಅದೇ ಕಾಲದ ಯೂರೋಪಿನತ್ತ ಒಮ್ಮೆ ನೋಡೋಣ. 800ನೆಯ ಇಸವಿಯ ಕ್ರಿಸ್ಮಸ್ ದಿನ ರೋಮಿನಲ್ಲಿ ಪೋಪ್ ಮೂರನೆಯ ಲಿಯೊ ಅವರು ಫ್ರಾಂಕರ ದೊರೆ ಶಾರ್ಲಮೇನನ ತಲೆಗೆ ಸಾಮ್ರಾಟನ ಕಿರೀಟವನ್ನು ತೊಡಿಸಿದರು. ಅದರ ಹಿಂದಿನ ವರ್ಷವೇ ವಿರೋಧಿಗಳಿಂದ ಹಲ್ಲೆಗೊಳಗಾಗಿ, ಅದೇ ದೊರೆಯ ಆಶ್ರಯವನ್ನರಸಿ ಹೋಗಿದ್ದವರು ಅವರು. ಮುಂದೆ ಸಂತಪದವಿಗೇರಿದ ಲಿಯೊ ತೀರಿಕೊಂಡದ್ದು 816ರಲ್ಲಿ, ಅಮೋಘವರ್ಷನು ಪಟ್ಟಕ್ಕೆ ಬಂದ ಎರಡು ವರ್ಷಗಳ ಮೇಲೆ. ರೋಮಿನ ಗುರುವಿಗೆ ಖಡ್ಗ ಬೇಕಾಗಿತ್ತು, ಖಡ್ಗಕ್ಕೆ ಗುರುವಿನ ಕೈ ಬೇಕಾಗಿತ್ತು. ಮೈಮೇಲೆ ಬಟ್ಟೆಯೂ ಇಲ್ಲದ ದಿಗಂಬರ ಮುನಿಗೆ ಅರಸನಿಂದ ಆಗಬೇಕಾದದ್ದೇನು? ಅರಸನಾದರೂ ಒಂದೇ ಮತಕ್ಕೆ ಕಟ್ಟುಬಿದ್ದವನಲ್ಲ. ಪ್ರಜೆಗಳ ವಿಪತ್ತು ನೀಗಲೆಂದು ಅವನು ಮಹಾಲಕ್ಷ್ಮಿಗೆ ತನ್ನ ಎಡಗೈ ಬೆರಳನ್ನು ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಶಾಸನ ಹೇಳುತ್ತದೆ.

ಜಿನಸೇನರು ಕಿವಿ ಚುಚ್ಚುವ ವಯಸ್ಸಿಗೂ ಮೊದಲೇ ವೀರಸೇನಾಚಾರ್ಯರ ಬಳಿ ಸೇರಿದವರು. ಆ ಮುನಿ ಅಂಥ ರೂಪವಂತನಲ್ಲ, ಅತಿ ಚತುರನೂ ಅಲ್ಲ, ಬೇರೆ ಗತಿಯಿಲ್ಲದೆ ಸರಸ್ವತಿ ಆತನನ್ನು ಆಶ್ರಯಿಸಿದಳೆಂಬ ಅರ್ಥದ ಮಾತು ‘ಜಯಧವಳ’ದ ಪ್ರಶಸ್ತಿಯಲ್ಲಿದೆ. ಈ ವಿನಯದಲ್ಲಿ ತುಸು ತುಂಟತನವೂ ಬೆರೆತಿದೆಯೆಂದು ನನಗೆ ತೋರುತ್ತದೆ. ‘ಜಯಧವಳ’ವು ಗುಣಧರರ ಪ್ರಾಕೃತ ‘ಕಸಾಯಪಾಹುಡ’ಕ್ಕೆ ಬರೆದ ವಿಸ್ತಾರವಾದ ಟೀಕೆ. ವೀರಸೇನರು ಇಪ್ಪತ್ತು ಸಾವಿರ ಶ್ಲೋಕಪ್ರಮಾಣದಷ್ಟು ಬರೆದು ತೀರಿಕೊಂಡರು. ಉಳಿದ ನಲವತ್ತು ಸಾವಿರವನ್ನು ಬರೆದು ಶಿಷ್ಯರು ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ, ಮುಗಿಸಿದರು.

ಕವಿಯಾಗಿ ಅವರ ಸಾಹಸವೆಂದರೆ ‘ಪಾರ್ಶ್ವಾಭ್ಯುದಯ’. ಕಾಳಿದಾಸನ ‘ಮೇಘದೂತ’ದ ಒಂದೋ ಎರಡೋ ಪಾದಗಳನ್ನು ಪ್ರತಿ ಪದ್ಯದಲ್ಲೂ ಇಟ್ಟುಕೊಂಡು, ಉಳಿದುದನ್ನು ತಾವೇ ತುಂಬಿ, 364 ಪದ್ಯಗಳಲ್ಲಿ ಇಡೀ ಕಾವ್ಯವನ್ನು ತಮ್ಮದರೊಳಗೆ ಅಡಗಿಸಿದರು. ವಿರಹಿಯ ಸಂದೇಶ ಇಲ್ಲಿ ಧ್ಯಾನಸ್ಥ ಪಾರ್ಶ್ವನನ್ನು ಕದಲಿಸಲೆಳಸುವ ವೈರಿಯ ಮಾತಾಗುತ್ತದೆ. ಎಷ್ಟೋ ಕಡೆ ಕಾಳಿದಾಸನ ಸಾಲು ದಿಗಂಬರನಿಗೆ ತೊಡಿಸಿದ ಹಬ್ಬದುಡುಗೆಯಂತೆ ಕಾಣುವುದುಂಟು. ಆದರೂ ಕೆಲಸ ಸಾಮಾನ್ಯವಾದುದಲ್ಲ. ಒಂಬತ್ತನೆಯ ಶತಮಾನದಲ್ಲಿ ‘ಮೇಘದೂತ’ದ ಪಾಠ ಹೇಗಿತ್ತೆಂಬುದಕ್ಕೆ ಇದೇ ಸಾಕ್ಷಿಯಾಯಿತು. ‘ಕವಿರಾಜಮಾರ್ಗ’ವನ್ನು 1898ರಲ್ಲಿ ಅಚ್ಚಿಗೆ ತಂದ ಕೆ.ಬಿ. ಪಾಠಕರೇ ಇದರ ಆಧಾರದಿಂದ ‘ಮೇಘದೂತ’ವನ್ನೂ ಸಂಪಾದಿಸಿದರು.

ಗುರುವಿನ ಕೃತಿಯನ್ನು ಪೂರೈಸಿದವರ ಕೃತಿಯೂ ಅರ್ಧಕ್ಕೆ ನಿಂತದ್ದು ವಿಧಿಯ ವಿನೋದವೆನ್ನಬೇಕು. ಅರವತ್ತಮೂರು ಶಲಾಕಾಪುರುಷರ ‘ಮಹಾಪುರಾಣ’ವನ್ನು ಕೈಗೊಂಡ ಜಿನಸೇನರು ಅದರ ಮೊದಲ ಭಾಗವಾದ ಆದಿಪುರಾಣದಲ್ಲಿ ನಲವತ್ತೆರಡು ಪರ್ವಗಳನ್ನೂ ನಲವತ್ತಮೂರನೆಯದರ ಮೂರೇ ಶ್ಲೋಕಗಳನ್ನೂ ಬರೆದಾಗ ಲೇಖನಿ ನಿಂತಿತು. ಶಿಷ್ಯ ಗುಣಭದ್ರರು 1,620 ಶ್ಲೋಕಗಳನ್ನು ಸೇರಿಸಿ ಅದನ್ನು ಪೂರ್ಣಗೊಳಿಸಿ, ‘ಉತ್ತರಪುರಾಣ’ವನ್ನೂ ರಚಿಸಿದರು. ಅವರ ಶಿಷ್ಯ ಲೋಕಸೇನರ ಕಾಲದಲ್ಲಿ, 898ರಲ್ಲಿ, ಬಂಕಾಪುರದಲ್ಲಿ ಆ ಗ್ರಂಥಕ್ಕೆ ಪೂಜೆ ಸಂದಿತು. ಈ ಆಕರದಿಂದಲೇ ಪಂಪನು 941ರಲ್ಲಿ ತನ್ನ ‘ಆದಿಪುರಾಣ’ವನ್ನು ಹೇಳಿದನು, ಚಾವುಂಡರಾಯನು 978ರಲ್ಲಿ ಗದ್ಯಪುರಾಣವನ್ನು ಬರೆದನು. ಪಂಪನ ನೀಲಾಂಜನೆಯ ನೃತ್ಯಕ್ಕೆ ತಲೆದೂಗುವ ನಾವು ಜಿನಸೇನರ ಆಸ್ಥಾನಮಂಟಪದಲ್ಲಿ ಅವಳು ಮೊದಲು ಕುಣಿದದ್ದನ್ನು ನೆನೆಯುವುದಿಲ್ಲ.

‘ಜಯಧವಳ’ದ ಗತಿ ಬೇರೆಯಾಯಿತು. ಅದರ ಪ್ರಾಚೀನ ಓಲೆಗರಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯೊಂದರಲ್ಲೇ ಉಳಿದವು. ದೂರದಿಂದ ಬಂದ ಯಾತ್ರಿಕರು ಅವುಗಳ ದರ್ಶನ ಪಡೆದು ಕೈಮುಗಿದು ಹೋಗುತ್ತಿದ್ದರು. ಅವು ಪೂಜೆಗೆ ಒದಗುತ್ತಿದ್ದವೇ ಹೊರತು ಓದಿಗಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಗಿ, ಮುಂದಿನ ಶತಮಾನದಲ್ಲಿ ಗ್ರಂಥ ಅಚ್ಚಿನ ಮನೆಯನ್ನು ಕಂಡಿತು. ಪ್ರಾಕೃತ ಸಂಸ್ಕೃತಗಳೆರಡೂ ಬೆರೆತ ಆ ಗ್ರಂಥವನ್ನು ಅಷ್ಟು ಕಾಲ ಕಾದು ಕೊಟ್ಟ ಗರಿಗಳ ಮೇಲಿನ ಲಿಪಿ ಹಳಗನ್ನಡದ್ದು.