ಗೇರುಸೊಪ್ಪೆ ಹೆಸರಿನ ಹಡಗು

ಸಂಜೆ ವಾಕಿಂಗ್ ಮುಗಿಸಿ ಬೆಸೆಂಟ್ ನಗರದ ಬೀಚಿನಲ್ಲಿ ಶ್ಮಿಟ್ ಸ್ಮಾರಕದ ಹತ್ತಿರ ಕೂರುವುದು ನನ್ನ ಹಳೆಯ ಅಭ್ಯಾಸ. 1930ರಲ್ಲಿ ಇಲ್ಲಿ ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ ಸತ್ತ ಡೇನಿಶ್ ನಾವಿಕನ ಸ್ಮಾರಕ ಅದು. ಅಲ್ಲಿ ಕೂತಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಹೊನ್ನಾವರ ತಾಲೂಕಿನ ಹೆಸರು ಹೊತ್ತು ಮುಳುಗಿದ ಒಂದು ಹಡಗು.

ಜೋಗವನ್ನು ಇಂಗ್ಲಿಷರು ಗೇರುಸೊಪ್ಪೆ ಜಲಪಾತ ಎನ್ನುತ್ತಿದ್ದರಲ್ಲ, ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ಅದೇ ಹೆಸರನ್ನು 1919ರಲ್ಲಿ ಕಟ್ಟಿದ ತನ್ನ ಸರಕು ಹಡಗಿಗೆ ಇಟ್ಟಿತು. 1940ರ ಡಿಸೆಂಬರಿನಲ್ಲಿ ಅದು ಚಹಾ, ಕಬ್ಬಿಣ, ಬೆಳ್ಳಿ ತುಂಬಿಕೊಂಡು ಕಲ್ಕತ್ತೆಯಿಂದ ಇಂಗ್ಲೆಂಡಿಗೆ ಹೊರಟಿತು. ಆಫ್ರಿಕದ ಫ್ರೀಟೌನಿನಲ್ಲಿ ಬೆಂಗಾವಲಿನ ಹಡಗುಗಳ ಗುಂಪು ಸೇರಿತು. ದಾರಿಯಲ್ಲಿ ಬಿರುಗಾಳಿ, ಕಲ್ಲಿದ್ದಲೂ ಕಡಿಮೆ. ಗುಂಪು ಬಿಟ್ಟು ಒಂಟಿಯಾಗಿ ಐರ್ಲೆಂಡಿನ ಗಾಲ್ವೇ ಕಡೆ ತಿರುಗಿತು. ಜರ್ಮನ್ ವಿಮಾನವೊಂದು ಕಂಡುಬಿಟ್ಟಿತು. ಆಮೇಲೆ ಜರ್ಮನರ ಯು-101 ಜಲಾಂತರ್ಗಾಮಿಯ ಟಾರ್ಪಿಡೋ. 1941ರ ಫೆಬ್ರವರಿ 16ರ ನಡುರಾತ್ರಿ, ಸುಮಾರು ಇಪ್ಪತ್ತೇ ನಿಮಿಷದಲ್ಲಿ ಹಡಗು ಮುಳುಗಿತು.

ಒಂದೇ ಒಂದು ದೋಣಿ ಉಳಿಯಿತು. ಹೊಣೆ ಸೆಕೆಂಡ್ ಆಫೀಸರ್ ಏರ್ಸ್ ಅವರದು. ಅಟ್ಲಾಂಟಿಕ್‌ನ ಫೆಬ್ರವರಿ ಚಳಿ, ಅಳೆದು ಕೊಡುವ ನೀರು. ದೋಣಿಯಲ್ಲಿ ಹೆಚ್ಚಿನವರು ನಮ್ಮ ದೇಶದ ಖಲಾಸಿಗಳು. ಹದಿಮೂರು ದಿನದಲ್ಲಿ ಒಬ್ಬೊಬ್ಬರೇ ಸತ್ತರು. ಮಾರ್ಚ್ 1ಕ್ಕೆ ಕಾರ್ನ್‌ವಾಲ್ ದಡ ಕಣ್ಣೆದುರಿಗೇ ಇತ್ತು; ಅಲೆಗೆ ದೋಣಿ ಮಗುಚಿತು. ಹಡಗಿನ 85 ಜನರಲ್ಲಿ ಬದುಕಿದ್ದು ಏರ್ಸ್ ಒಬ್ಬರೇ.

2011ರಲ್ಲಿ ಅಮೆರಿಕದ ಒಡಿಸ್ಸಿ ಕಂಪನಿ ಹಡಗನ್ನು 4,700 ಮೀಟರ್ ಆಳದಲ್ಲಿ, ಟೈಟಾನಿಕ್‌ಗಿಂತಲೂ ಆಳದಲ್ಲಿ, ಪತ್ತೆ ಮಾಡಿತು. 2012 ಮತ್ತು 2013ರಲ್ಲಿ ಮೇಲೆತ್ತಿದ್ದು ಸುಮಾರು 110 ಟನ್ ಬೆಳ್ಳಿ. ಯುದ್ಧಕಾಲದ ವಿಮೆ ಹಣ ಕೊಟ್ಟಿದ್ದ ಬ್ರಿಟಿಷ್ ಸರ್ಕಾರವೇ ಅದರ ವಾರಸುದಾರ; ಕ್ಲೇಮ್ ತೀರಿಸಿದವನಿಗೆ ಮಾಲು, ಲೆಕ್ಕ ಸರಿಯೇ. ಖರ್ಚು ಕಳೆದು ಒಡಿಸ್ಸಿಗೆ 80 ಪಾಲು, ಸರ್ಕಾರಕ್ಕೆ 20. ಬೆಳ್ಳಿಯಲ್ಲಿ ನಾಣ್ಯಗಳನ್ನೂ ಟಂಕಿಸಿದರು. ಜೊತೆಗೆ 700ಕ್ಕೂ ಹೆಚ್ಚು ಕಾಗದಗಳು ಸಿಕ್ಕವು. ಎಪ್ಪತ್ತು ವರ್ಷ ಸಮುದ್ರದ ತಳದಲ್ಲಿದ್ದರೂ ಓದಲು ಬರುತ್ತಿದ್ದವು ಮಾರಾಯ್ರೆ! 2018ರಲ್ಲಿ ಲಂಡನ್ನಿನ ಅಂಚೆ ಮ್ಯೂಸಿಯಂ ಅವುಗಳ ಪ್ರದರ್ಶನ ಇಟ್ಟಿತ್ತು.

ಬ್ಯಾಂಕಿನಲ್ಲಿ ಮೂವತ್ತು ವರ್ಷ ತಾಳೆ ನೋಡಿದವನಿಗೆ ಕಣ್ಣು ಹೋಗುವುದು ಇನ್ನೊಂದು ಕಾಲಮ್ಮಿಗೆ. ಗಟ್ಟಿ ಗಟ್ಟಿ ಎಣಿಸಿ ಬೆಳ್ಳಿಗೆ ಲೆಕ್ಕ ಹಾಕಿದರು, ಆದರೆ ಖಲಾಸಿಗಳ ಮನೆಗಳಿಗೆ ಆ ಪಾಲಿನಲ್ಲಿ ಒಂದು ಗೆರೆಯೂ ಇರಲಿಲ್ಲ. ಯುದ್ಧದಲ್ಲಿ ಗೋರಿಯೂ ಇಲ್ಲದೆ ಹೋದ ನಮ್ಮ ಸುಮಾರು 6,500 ನಾವಿಕರ ಹೆಸರುಗಳ ಪುಸ್ತಕ ಚಿತ್ತಗಾಂಗ್‌ನಲ್ಲಿದೆ, ಒಂದು ಪ್ರತಿ ಮುಂಬೈಯ ನಾವಿಕರ ಮನೆಯಲ್ಲಿ. ಮುಂಬೈಗೆ ಹೋದಾಗ ಅದನ್ನು ನೋಡಬೇಕು, ಗೇರುಸೊಪ್ಪೆಯವರ ಹೆಸರು ಹುಡುಕಬೇಕು ಅಂದುಕೊಂಡಿದ್ದೇನೆ.