ಪರಿಹಾರ ಒಮ್ಮೆ, ಕೃತಕ ಕಾಲಿನ ಖರ್ಚು ಜೀವನಪರ್ಯಂತ

ರಸ್ತೆ ಅಪಘಾತದಲ್ಲಿ ಕಾಲು ಕಳೆದುಕೊಂಡವರಿಗೆ, ಬೆನ್ನುಹುರಿಗೆ ಪೆಟ್ಟು ಬಿದ್ದು ಗಾಲಿಕುರ್ಚಿ ಹಿಡಿದವರಿಗೆ ಆಸ್ಪತ್ರೆಯ ಬಿಲ್ ಮೊದಲ ಖರ್ಚು ಮಾತ್ರ. ಕೃತಕ ಅಂಗ ಸವೆಯುತ್ತದೆ, ಗಾಲಿಕುರ್ಚಿ ಕೆಡುತ್ತದೆ, ನೋಡಿಕೊಳ್ಳುವವರಿಗೆ ಸಂಬಳ ಕೊಡಬೇಕಾಗುತ್ತದೆ. ಆದರೆ ನ್ಯಾಯಮಂಡಳಿ ಪರಿಹಾರ ನೀಡುವುದು ಒಂದೇ ಬಾರಿ. ಅಂತಿಮ ಆದೇಶದ ನಂತರ ಹೊಸದಾಗಿ ಪರಿಹಾರ ನೀಡಲು ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿಯೇ ಸ್ಪಷ್ಟಪಡಿಸಿದೆ. ಹೀಗಾಗಿ ಮುಂದಿನ ಖರ್ಚನ್ನೆಲ್ಲ ವಿಚಾರಣೆಯ ಹಂತದಲ್ಲಿಯೇ ಸಾಬೀತುಪಡಿಸುವುದು ಅನಿವಾರ್ಯ.

ಅರ್ಜಿ ಎಲ್ಲಿ, ಯಾವಾಗ?

ಕಾಯ್ದೆಯ 166ನೇ ಕಲಮಿನಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕು. ಅಪಘಾತ ನಡೆದ ಸ್ಥಳದಲ್ಲಷ್ಟೇ ಅಲ್ಲ, ಗಾಯಾಳು ವಾಸಿಸುವ ಊರಿನ ವ್ಯಾಪ್ತಿಯಲ್ಲಿಯೂ ಅರ್ಜಿ ಹಾಕಬಹುದು. ಅಪಘಾತವಾದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಇದನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದೆಯಾದರೂ ವಿಳಂಬ ಮಾಡದಿರುವುದೇ ಕ್ಷೇಮ.

ಗಂಭೀರ ಗಾಯವಾದವರಿಗೆ, ತಪ್ಪು ಯಾರದೆಂದು ಸಾಬೀತುಪಡಿಸದೆಯೇ, 164ನೇ ಕಲಮಿನಡಿ 2.5 ಲಕ್ಷ ರೂ. ಸಿಗುತ್ತದೆ. ಆದರೆ ಎಚ್ಚರ: 149ನೇ ಕಲಮಿನ ಕ್ರಮದಂತೆ ಈ ಮೊತ್ತವನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯ ಮುಂದಿರುವ ಅರ್ಜಿ ಊರ್ಜಿತವಾಗಿ ಉಳಿಯುವುದಿಲ್ಲ. ಶಾಶ್ವತ ಅಂಗವೈಕಲ್ಯಕ್ಕೆ ತುತ್ತಾದವರು ವಕೀಲರ ಸಲಹೆ ಪಡೆಯದೆ ಸಹಿ ಹಾಕಬಾರದು.

ಶೇಕಡಾವಾರು ಮಾತ್ರ ಸಾಲದು

ವೈದ್ಯರು ಬರೆಯುವ ಅಂಗವೈಕಲ್ಯದ ಪ್ರಮಾಣವೂ ದುಡಿಮೆಯ ನಷ್ಟವೂ ಒಂದೇ ಅಲ್ಲ. ಸುಪ್ರೀಂ ಕೋರ್ಟ್ 2010ರ ತೀರ್ಪಿನಲ್ಲಿ ಇದಕ್ಕೊಂದು ಉದಾಹರಣೆ ನೀಡಿದೆ. ಎಡಗೈ ತುಂಡಾದರೆ ಅಂಗವೈಕಲ್ಯ ಸುಮಾರು ಶೇ 60 ಎನಿಸಬಹುದು. ಆದರೆ ಗಾಯಾಳು ಚಾಲಕ ಅಥವಾ ಬಡಗಿಯಾಗಿದ್ದರೆ ದುಡಿಮೆಯ ನಷ್ಟ ಹೆಚ್ಚುಕಡಿಮೆ ಶೇ 100. ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸ ಹೋಗದಿರಬಹುದು. ಪ್ರಮಾಣಪತ್ರ ಹಾಜರುಪಡಿಸಿದರೆ ಸಾಲದು, ವೈದ್ಯರು ಸಾಕ್ಷಿ ನುಡಿಯಬೇಕು ಎಂದೂ ಅದೇ ತೀರ್ಪು ಹೇಳಿದೆ.

ವಾರ್ಷಿಕ ನಷ್ಟವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಲಾಗುತ್ತದೆ. 2009ರ ತೀರ್ಪಿನ ಪ್ರಕಾರ 26ರಿಂದ 30 ವರ್ಷದವರಿಗೆ ಗುಣಕ 17; 56ರಿಂದ 60ರವರಿಗೆ 9. ಆರೈಕೆಯ ವೆಚ್ಚಕ್ಕೂ ಇದೇ ವಿಧಾನ ಸಲ್ಲುತ್ತದೆ. ಶೇ 100 ಅಂಗವೈಕಲ್ಯಕ್ಕೆ ಒಳಗಾದ 12 ವರ್ಷದ ಬಾಲಕಿಯ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ತಿಂಗಳಿಗೆ ತಲಾ 5,000 ರೂ.ನಂತೆ ಇಬ್ಬರು ಸಹಾಯಕರ ವೆಚ್ಚವನ್ನು 18ರಿಂದ ಗುಣಿಸಿ 21.60 ಲಕ್ಷ ರೂ. ನೀಡಿತು.

ಸಾಧನದ ಆಯುಷ್ಯ

2022ರ ಡಿಸೆಂಬರ್‌ನಲ್ಲಿ ತೀರ್ಪಾದ ಇನ್ನೊಂದು ಪ್ರಕರಣದಲ್ಲಿ ಕಾಲು ಕಳೆದುಕೊಂಡವರ ವಯಸ್ಸು 37. ಕೃತಕ ಕಾಲಿನ ಬೆಲೆ 2.60 ಲಕ್ಷ ರೂ., ಬಾಳಿಕೆ ಐದಾರು ವರ್ಷ, ಪ್ರತಿ ದುರಸ್ತಿಗೆ 15ರಿಂದ 20 ಸಾವಿರ ರೂ. ಎಂಬ ಅಂಶ ನ್ಯಾಯಾಲಯದ ಮುಂದಿತ್ತು. 70 ವರ್ಷದವರೆಗೆ ಎಂದುಕೊಂಡರೂ ಆರು ಕಾಲುಗಳು ಬೇಕು. ಬೆಲೆ ಏರದಿದ್ದರೂ ಅದು 15.60 ಲಕ್ಷ ರೂ. ವರ್ಷಕ್ಕೊಂದು ದುರಸ್ತಿ ಎಂದರೆ ಇನ್ನೂ ಐದು ಲಕ್ಷದಷ್ಟು.

ಕಡಿಮೆ ಬೆಲೆಯ ಆಯ್ಕೆಗಳೂ ಇವೆ. 1968ರಲ್ಲಿ ರೂಪುಗೊಂಡ ‘ಜೈಪುರ ಕಾಲು’ ಧರಿಸಿ ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು. ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯ ಸಹಯೋಗದಲ್ಲಿ ಐಐಟಿ ಮದ್ರಾಸ್ 2022ರಲ್ಲಿ ‘ಕದಂ’ ಎಂಬ ಕೃತಕ ಮೊಣಕಾಲನ್ನು ಬಿಡುಗಡೆ ಮಾಡಿತು. ಕುಳಿತವರನ್ನು ನಿಲ್ಲಿಸುವ ‘ಅರೈಸ್’ ಗಾಲಿಕುರ್ಚಿ 2019ರಲ್ಲಿ ಅಲ್ಲಿಯೇ ಸಿದ್ಧವಾಯಿತು.

ಗಾಯಾಳುವಿನ ಉದ್ಯೋಗಕ್ಕೆ ಯಾವ ಸಾಧನ ತಕ್ಕುದು ಎಂಬ ತಜ್ಞರ ಅಭಿಪ್ರಾಯ, ತಯಾರಕರ ದರಪಟ್ಟಿ, ಬಾಳಿಕೆಯ ಅವಧಿ, ದುರಸ್ತಿಯ ರಸೀದಿ: ಈ ನಾಲ್ಕು ದಾಖಲೆಗಳನ್ನು ಆಸ್ಪತ್ರೆಯ ಬಿಲ್‌ಗಳ ಜೊತೆಗೇ ಕಾಯ್ದಿಟ್ಟುಕೊಳ್ಳಬೇಕು. ಕೇಳಿದ್ದಕ್ಕಿಂತ ಹೆಚ್ಚು ಕೊಡುವ ಅಧಿಕಾರ ನ್ಯಾಯಮಂಡಳಿಗೆ ಇದೆ. ಆದರೆ ಪುರಾವೆ ಒದಗಿಸುವ ಹೊಣೆ ಅರ್ಜಿದಾರರದು.