ಮುಂಬಯಿಯಲ್ಲಿ ಸೋತ ಅವಳಿಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ವಾಚಕರೇ, 1952ರಲ್ಲಿ ನಿಮ್ಮ ಊರುಗಳಿಗೆ ರಾಜಧಾನಿ ಬೆಂಗಳೂರಾಗಿರಲಿಲ್ಲ, ಮುಂಬಯಿಯಾಗಿತ್ತು. ಏಷ್ಯದ ನೆಲದಲ್ಲಿ ವಿಶ್ವ ಟೇಬಲ್ ಟೆನಿಸ್ ಪಂದ್ಯಾವಳಿ ಮೊಟ್ಟಮೊದಲು ನಡೆದುದೂ ಆ ವರ್ಷದ ಫೆಬ್ರುವರಿಯಲ್ಲಿ, ಅದೇ ನಗರದಲ್ಲಿ.

ಮಹಿಳೆಯರ ಜೋಡಿಯಾಟದ ಅಂತಿಮ ಪಂದ್ಯಕ್ಕೆ ಇಂಗ್ಲೆಂಡಿನ ಅವಳಿ ಸೋದರಿಯರಾದ ಡಯಾನ್ ಮತ್ತು ರೊಸಾಲಿಂಡ್ ರೋ ಬಂದಿದ್ದರು; 1951ರ ವಿಜೇತರು ಅವರೇ. ಈ ಆಟದಲ್ಲಿ ಸಂಗಾತಿಗಳಿಬ್ಬರೂ ಸರದಿ ತಪ್ಪದೆ, ಒಬ್ಬರಾದ ಮೇಲೆ ಒಬ್ಬರು, ಚೆಂಡನ್ನು ಹೊಡೆಯಲೇಬೇಕು. ಹೊಡೆದಾಕೆ ಥಟ್ಟನೆ ಪಕ್ಕಕ್ಕೆ ಸರಿಯದಿದ್ದರೆ ಇನ್ನೊಬ್ಬಳಿಗೆ ನಿಲ್ಲಲು ಜಾಗವಿಲ್ಲ. ಡಯಾನ್ ಎಡಗೈಯವರು, ರೊಸಾಲಿಂಡ್ ಬಲಗೈಯವರು. ಹೀಗಾಗಿ ಅಡ್ಡಬರುವ ಭಯ ಕಡಿಮೆ. ಇದಕ್ಕಿಂತ ಹೊಂದಿದ ಜೋಡಿ ಎಲ್ಲಿ ಸಿಕ್ಕೀತು? ಆದರೂ ಗೆದ್ದವರು ಜಪಾನಿನ ಶಿಜುಕಿ ನರಹರಾ ಮತ್ತು ತೋಮಿಎ ನಿಶಿಮುರಾ. (ನರಹರಾ ಎಂದೊಡನೆ ನಮ್ಮ ಕಡೆಯ ನರಹರಿ ನೆನಪಾಗುವುದಿಲ್ಲವೆ!) ಆ ದೇಶ ಈ ಪಂದ್ಯಾವಳಿಗೆ ಬಂದುದೇ ಅದು ಮೊದಲ ಸಲ.

2021ರಲ್ಲಿ ಕನ್ನಡನಾಡಿನ ಹೆಣ್ಣುಮಗಳೊಬ್ಬಳು ಇದೇ ಪದಕದ ಹೊಸ್ತಿಲಿಗೆ ಬಂದಳು. ಬೆಂಗಳೂರಿನ ಅರ್ಚನಾ ಕಾಮತ್, ಮಣಿಕಾ ಬಾತ್ರಾರೊಡನೆ, ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕ್ವಾರ್ಟರ್ ಫೈನಲ್ ತಲುಪಿದಳು. ಇನ್ನೊಂದು ಗೆಲುವಾಗಿದ್ದರೆ ಕಂಚು ಕೈಸೇರುತ್ತಿತ್ತು. ತಡೆದದ್ದು ಲಕ್ಸೆಂಬರ್ಗಿನ ಜೋಡಿ. ಅವರಲ್ಲೊಬ್ಬರಾದ ನಿ ಷಿಯಾಲಿಯನ್ ಅವರಿಗೆ ಆಗ 58 ವರ್ಷ.